ಒದ್ದೆಯಲ್ಲಿ ಒಣಗುವ ಬಣ್ಣ

ಜಗತ್ತಿನ ಬಣ್ಣವೆಲ್ಲ ಬಿಸಿಲಿಗೆ ಒಣಗುತ್ತದೆ, ನನ್ನದು ಒದ್ದೆಯಲ್ಲಿ ಒಣಗುತ್ತದೆ. ಹೈದರಾಬಾದಿನಲ್ಲಿ ಇದನ್ನು ಹೇಳಿದರೆ ಯಾರೂ ನಂಬುವುದಿಲ್ಲ. ನಮ್ಮತ್ತೆ ಶಾರದಾಬಾಯಿಯವರಂತೂ ನಾನು ಹಳೆಯ ಅಲಮಾರಿನೊಳಗೆ ಒದ್ದೆ ಗೋಣಿತಟ್ಟು ಹಾಸಿ, ಬಣ್ಣ ಹಚ್ಚಿದ ಮರದ ತುಂಡನ್ನು ಅದರೊಳಗಿಟ್ಟು ಬಾಗಿಲು ಮುಚ್ಚಿದ್ದನ್ನು ನೋಡಿ, ಸೊಸೆ ಓದಿ ಓದಿ ತಲೆ ಕೆಡಿಸಿಕೊಂಡಿದ್ದಾಳೆ ಎಂದು ಓಣಿಗೆಲ್ಲ ಹೇಳಿಕೊಂಡು ಬಂದಿದ್ದರು.

ಜಪಾನಿನಲ್ಲಿ ಒಂದು ಜಾತಿಯ ಮರಕ್ಕೆ ಗೀರು ಹಾಕಿ ಹಾಲು ಇಳಿಸುತ್ತಾರೆ. ಅದಕ್ಕೆ ಉರುಶಿ ಎಂದು ಹೆಸರು. ಅಲ್ಲಿಯವರು ಅದನ್ನು ಬಟ್ಟಲಿಗೆ, ತಟ್ಟೆಗೆ, ಪೆಟ್ಟಿಗೆಗೆ ಹಚ್ಚುತ್ತ ಬಂದಿದ್ದಾರೆ. ತೇವವಿದ್ದ ಗಾಳಿಯಲ್ಲಿ ಅದು ಗಟ್ಟಿಯಾಗುತ್ತದೆ, ಒಮ್ಮೆ ಗಟ್ಟಿಯಾದರೆ ನೀರಿಗೂ ಎಣ್ಣೆಗೂ ಜಗ್ಗುವುದಿಲ್ಲ. ಗಚ್ಚಿಬೌಲಿಯ ಕಡೆ ಚಿತ್ರಕಲೆ ಓದುವಾಗ ನನಗೆ ಅಲ್ಲಿಗೆ ಹೋಗಿ ಕಲಿಯುವ ಅವಕಾಶ ಸಿಕ್ಕಿತು. ಕಲಿತು ಬಂದೆ. ಬಟ್ಟಲು ಮಾಡಿದರೆ ಕಾಚಿಗೂಡದಲ್ಲಿ ಕೊಳ್ಳುವವರು ಯಾರು? ಅಷ್ಟರಲ್ಲಿ ಶರಣಕುಮಾರನ ಜೊತೆ ಮದುವೆಯಾಯಿತು. ಅವರಪ್ಪ ಕಲಬುರಗಿಯಿಂದ ಬಂದು ಇಲ್ಲಿ ಫರ್ನಿಚರ್ ಅಂಗಡಿ ಇಟ್ಟವರು. ಮಗ ಕುರ್ಚಿ ಮೇಜು ಬಿಟ್ಟು ಎಲೆಕ್ಟ್ರಿಕ್ ಗಿಟಾರ್ ಮಾಡಲು ಹತ್ತಿದ್ದ. ಅವನು ಕೊರೆದ ಮರದ ಒಡಲಿಗೆ ನಾನು ಉರುಶಿ ಹಚ್ಚಿದರೆ ಹೇಗೆ ಎಂದು ಕೇಳಿದವನು ಅವನೇ. ಅವತ್ತು ನನಗೆ ಹೊಟ್ಟೆಯೊಳಗೆ ಹಾಲು ಹೊಯ್ದಂತಾಗಿತ್ತು.

ಎದುರಿಗೆ ಗಂಡನಿಗೆ ನಾನು ‘ರಿ’ ಹಚ್ಚಿಯೇ ಮಾತಾಡುತ್ತೇನೆ. ಇಲ್ಲಿ ಬರೆಯುವಾಗ ಆ ಮರ್ಯಾದೆ ಕೊಡಲು ನನಗೆ ಮನಸ್ಸಿಲ್ಲ.

ಕೆಲಸ ಹೀಗೆ. ಮೊದಲು ಮರಕ್ಕೆ ಹಸಿ ಉರುಶಿ ಕುಡಿಸಬೇಕು. ಆಮೇಲೆ ಅಕ್ಕಿಯ ಗಂಜಿಯಲ್ಲಿ ಅದನ್ನೇ ಕಲಸಿ, ಮಾವನವರ ಹಳೆಯ ಧೋತರದ ಬಟ್ಟೆಯನ್ನು ಮರದ ಮೈಗೆಲ್ಲ ಅಂಟಿಸುತ್ತಿದ್ದೆ. ಅದರ ಮೇಲೆ ಸೋಸಿದ ಮಣ್ಣು ಕಲಸಿದ ಪದರು, ಅದರ ಮೇಲೆ ಕಪ್ಪು, ಮತ್ತೆ ಕಪ್ಪು. ಪ್ರತಿ ಪದರೂ ಅಲಮಾರಿನೊಳಗೆ ಗಟ್ಟಿಯಾದ ಮೇಲೆ ಇದ್ದಲಿನಿಂದ ನೀರು ಹಾಕಿ ತಿಕ್ಕಬೇಕು. ಕೊನೆಯ ಮೆರುಗಿಗೆ ಬರಿಗೈಯೇ ಬೇಕು. ಒಂದು ಗಿಟಾರಿಗೆ ಒಂದು ಮಳೆಗಾಲ ಪೂರ್ತಿ ಹೋಗುತ್ತದೆ.

ಹಸಿ ಉರುಶಿ ಮೈಗೆ ತಾಗಿದರೆ ಗುಳ್ಳೆ ಏಳುತ್ತವೆ. ಮೊದಲ ಸಲ ನನ್ನ ಮುಖ ಊದಿ ಕಣ್ಣು ಮುಚ್ಚಿಹೋದಾಗ ಅತ್ತೆ ಒಂದು ನೋಟಕ್ಕೇ ಗುರುತು ಹಿಡಿದರು. ಅಗಸರು ಬಟ್ಟೆಗೆ ಗುರುತು ಹಾಕುವ ಕೇರುಬೀಜದ ಎಣ್ಣೆ ತಾಗಿದರೂ ಹೀಗೇ ಏಳುತ್ತದಂತೆ. ಎಳ್ಳು ಕೊಬ್ಬರಿ ಅರೆದು ಹಚ್ಚಿದರು. ಜಪಾನಿನವರಿಗೆ ಬರಬರುತ್ತ ಮೈ ಒಗ್ಗುತ್ತದೆ ಎಂದು ಕೇಳಿದ್ದೆ, ನನಗೆ ಒಗ್ಗಲಿಲ್ಲ. ಕೆರೆದುಕೊಂಡು, ಮುಲಾಮು ಹಚ್ಚಿಕೊಂಡು, ಮತ್ತೆ ಹೋಗಿ ಕೂಡುತ್ತಿದ್ದೆ. ಮಗಳು ಐಶ್ವರ್ಯಾ ಹುಟ್ಟಿದ ಮೇಲೆ ಇನ್ನೂ ಕಷ್ಟವಾಯಿತು. ಉಗುರಿನ ಸಂದಿಯಲ್ಲಿ ಒಂದಿಷ್ಟು ಉಳಿದಿದ್ದರೂ ಕೂಸಿನ ಮೈ ಸುಟ್ಟುಹೋಗುತ್ತದೆ ಎಂದು ಮಳೆಗಾಲದಲ್ಲಿ ನಾನು ಅವಳನ್ನು ಎತ್ತಿಕೊಳ್ಳುತ್ತಿರಲಿಲ್ಲ. ಅವಳು ಅತ್ತೆಯ ಮಗ್ಗುಲಲ್ಲಿ ಮಲಗುವುದನ್ನು ಕಲಿತಳು. ಬಿದ್ದು ಮೊಣಕಾಲು ಕೆತ್ತಿಕೊಂಡರೆ ನನ್ನನ್ನು ದಾಟಿಕೊಂಡು ಅಜ್ಜಿಯ ಹತ್ತಿರ ಓಡುತ್ತಿದ್ದಳು. ಅದನ್ನೂ ನುಂಗಿಕೊಂಡೆ. ನಾನು ಮಾಡಿದ್ದು ಎಲ್ಲೋ ಯಾರದೋ ಎದೆಗೆ ಆತುಕೊಂಡು ಬಾಳುತ್ತಿದೆ, ನನ್ನ ನಂತರವೂ ಬಾಳುತ್ತದೆ ಎಂಬ ಒಂದೇ ನಂಬಿಕೆಯ ಮೇಲೆ ನುಂಗಿಕೊಂಡೆ. ನನಗೆ ಬೇರೆ ಆಸ್ತಿ ಇರಲಿಲ್ಲ.

ಹಸಿ ಉರುಶಿಗೆ ಧೂಳು ಪರಮ ವೈರಿ. ಒಂದು ಕಣ ಬಿದ್ದರೂ ಆ ಪದರು ಹೋಯಿತು. ಶರಣಕುಮಾರ ಮರ ಕೊಯ್ಯುವ ಶೆಡ್ಡು ಅಂಬರ್‌ಪೇಟಿನಲ್ಲಿತ್ತು, ನನ್ನ ಕೋಣೆ ಕಾಚಿಗೂಡದ ನಮ್ಮ ಮನೆಯ ಮೇಲೆ. ನಾನು ಶೆಡ್ಡಿಗೆ ಬರುವುದಿಲ್ಲ, ನೀವು ನನ್ನ ಕೋಣೆಯೊಳಗೆ ಬರಬೇಡಿ ಎಂಬ ಕಾಯಿದೆ ಮಾಡಿದವಳು ನಾನೇ. ಅವನು ಅದನ್ನು ಎಷ್ಟು ನಿಷ್ಠೆಯಿಂದ ಪಾಲಿಸಿದನೆಂದರೆ, ಗಿರಾಕಿಗಳಿಗೆ ತೋರಿಸಲು ನಾನು ಹಚ್ಚುವ ವಿಡಿಯೋ ತೆಗೆಯುವಾಗಲೂ ಕಿಟಕಿಯ ಗಾಜಿನ ಆಚೆ ನಿಂತೇ ತೆಗೆಯುತ್ತಿದ್ದ. ಕೆಲಸ ಮುಗಿದ ಒಡಲನ್ನು ಬಟ್ಟೆಯಲ್ಲಿ ಸುತ್ತಿ ಕೊಡುತ್ತಿದ್ದೆ. ಶೆಡ್ಡಿನಲ್ಲಿ ಅದಕ್ಕೆ ವೈರು, ತಂತಿ, ತಂತಿ ಬಿಗಿಯುವ ಕಿವಿ ಎಲ್ಲ ಕೂಡಿಸಿ ಅಲ್ಲಿಂದಲೇ ಗಿರಾಕಿಗೆ ಕೊಡುತ್ತಿದ್ದ. ಪೂರ್ತಿಯಾದ ಗಿಟಾರನ್ನು ನಾನು ನೋಡುತ್ತಿದ್ದುದು ಮೊಬೈಲಿನಲ್ಲಿ ಮಾತ್ರ. ಫೋಟೋದಲ್ಲಿ ಕಪ್ಪು ಕಪ್ಪೇ.

ಹೋದ ಚಳಿಗಾಲದಲ್ಲಿ ಶರಣಕುಮಾರ ಮರ ನೋಡಲು ಊರಿಗೆ ಹೋಗಿದ್ದಾಗ ಒಬ್ಬ ಹುಡುಗ ಮನೆ ಹುಡುಕಿಕೊಂಡು ಬಂದ. ಹೆಸರು ಅಮೋಲ್, ಬೀದರ್ ಕಡೆಯವನು. ಗಚ್ಚಿಬೌಲಿಯಲ್ಲಿ ನೌಕರಿ, ವಾರದ ಕೊನೆಗೆ ಬ್ಯಾಂಡಿನಲ್ಲಿ ಗಿಟಾರ್ ನುಡಿಸುತ್ತಾನೆ. ಟ್ಯಾಕ್ಸಿಯ ಬಾಗಿಲು ಬಡಿದು ಗಿಟಾರಿನ ಮೂಲೆ ಒಡೆದಿತ್ತು. ಶೆಡ್ಡಿಗೆ ಹೋದರೆ ಬೀಗ, ಫೋನ್ ಮಾಡಿದರೆ ಹತ್ತುವುದಿಲ್ಲ, ಅದಕ್ಕೇ ಇಲ್ಲಿಗೆ ಬಂದೆ ಎಂದ.

ನನ್ನ ಗಿಟಾರನ್ನು ನುಡಿಸುವವನನ್ನು ನಾನು ಕಣ್ಣಾರೆ ನೋಡಿದ್ದು ಅವತ್ತೇ ಮೊದಲು. ಚಹಾ ಮಾಡಿ ಕೊಟ್ಟೆ, ಉಪ್ಪಿಟ್ಟು ತಿನ್ನಿಸಿದೆ, ಹೊಸ ಅಳಿಯ ಬಂದ ಹಾಗೆ ಓಡಾಡಿದೆ. ಅವನು ನನ್ನನ್ನು ಅಣ್ಣನ ಹೆಂಡತಿಯನ್ನು ಕರೆಯುವ ಹಾಗೆ ವೈನಿ ಎಂದು ಕರೆದ.

“ಸ್ಟೇಜ್ ಮ್ಯಾಲ ನಿಂತ ಕೂಡಲೆ ಮೊದಲು ನಿಮ್ಮ ಕಥಿ ಹೇಳತೀನ್ರಿ ವೈನಿ. ಮೈ ಸುಟಗೊಂಡು ಹೆಂಗ ಹಚ್ಚತೀರಿ, ಕೂಸಿನ ಸೈತ ಎತ್ತಂಗಿಲ್ಲ, ಎಲ್ಲಾ. ಮಂದಿ ಒಮ್ಮೆಲೆ ಗಪ್ಪಾಗಿ ಬಿಡತಾರ,” ಎಂದ.

ನನಗೆ ಕಣ್ಣು ತುಂಬಿ ಬಂತು. ಬಿಟ್ಟು ಹೋಗಪ್ಪಾ, ಮುಂದಿನ ವಾರ ಬಾ, ಎಲ್ಲಿ ಒಡೆದಿತ್ತು ಎಂದು ನಿನಗೇ ಗೊತ್ತಾಗಬಾರದು ಹಾಗೆ ಮಾಡಿಡುತ್ತೇನೆ ಎಂದೆ.

ಅವನು ಹೋದ ಮೇಲೆ ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಮೊದಲು ಕೈಗೆ ಏನೋ ಬೇರೆ ಅನ್ನಿಸಿತು. ಉರುಶಿಗೆ ಒಂದು ಮೆತ್ತನೆಯ ಬಿಸುಪಿರುತ್ತದೆ, ಇದು ಸ್ಟೀಲಿನ ತಾಟಿನಂತೆ ತಣ್ಣಗಿತ್ತು. ನುಡಿಸಿ ನುಡಿಸಿ ಹೀಗಾಗಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಆಮೇಲೆ ಒಡೆದ ಮೂಲೆಯನ್ನು ಬೆಳಕಿಗೆ ಹಿಡಿದೆ. ಅಲ್ಲಿ ಬಟ್ಟೆಯ ಎಳೆ ಕಾಣಬೇಕಿತ್ತು, ಅದರ ಮೇಲೆ ಮಣ್ಣಿನ ಪದರು ಕಾಣಬೇಕಿತ್ತು. ಇದ್ದದ್ದು ಬೂದು ಬಣ್ಣದ ಪ್ರೈಮರು, ಗ್ಯಾರೇಜಿನಲ್ಲಿ ಕಾರಿನ ಡೊಂಕು ತಿದ್ದಿ ಹೊಡೆಯುತ್ತಾರಲ್ಲ, ಅದು. ಅದರ ಕೆಳಗೆ ಬರೀ ಮರ.

ಮರ ಮಾತ್ರ ಅದೇ ಮರ. ಸೊಂಟದ ತಿರುವಿನ ಹತ್ತಿರ ಇದ್ದ ಗಂಟು ನನಗೆ ಚೆನ್ನಾಗಿ ನೆನಪಿತ್ತು, ಅದರ ಮೇಲೆ ಬಟ್ಟೆ ಕೂಡಿಸಲು ಒದ್ದಾಡಿದ್ದೆ. ಅಂದರೆ ನಾನು ಹಚ್ಚಿದ್ದನ್ನೆಲ್ಲ ಯಾರೋ ಬುಡಮಟ್ಟ ಕೆತ್ತಿ ತೆಗೆದು, ಸ್ಪ್ರೇ ಗನ್ನಿನಿಂದ ಕಪ್ಪು ಹೊಡೆದಿದ್ದರು. ಯಾರೋ ಏನು, ಶೆಡ್ಡಿಗೆ ಬೀಗದ ಕೈ ಇದ್ದದ್ದು ಒಬ್ಬನ ಹತ್ತಿರವೇ.

ಶರಣಕುಮಾರ ಊರಿಂದ ಬಂದು ಕೈಕಾಲು ತೊಳೆದು ಕೂತಾಗ ಗಿಟಾರನ್ನು ಅವನ ಮುಂದೆ ಇಟ್ಟು, ಇದು ಯಾರ ಕೈಯದು ಎಂದು ಕೇಳಿದೆ. ಅವನು ಒಡೆದ ಮೂಲೆಯನ್ನು ನೋಡಿದ, ನನ್ನನ್ನು ನೋಡಿದ. ಸುಳ್ಳು ಹೇಳಲು ಬಾಯಿ ತೆರೆದದ್ದು ನನಗೆ ಕಂಡಿತು. ಆದರೆ ಬೂದು ಬಣ್ಣ ಎದುರಿಗೇ ಇತ್ತಲ್ಲ.

“ನಿನ್ನ ಸಲುವಾಗೇ ಮಾಡೀನಿ ಸುವರ್ಣಾ,” ಎಂದ.

ಆಮೇಲೆ ಕಥೆ ಹೊರಬಂತು. ನಮ್ಮ ಮೊದಲ ಗಿರಾಕಿ ರವಿಶಂಕರ್, ಅಮೀರ್‌ಪೇಟಿನಲ್ಲಿ ಗಿಟಾರ್ ಕಲಿಸುವವನು. ದೀಪಾವಳಿಯವರೆಗೆ ಮುಟ್ಟಬೇಡಿ, ಒಳಗಿನಿಂದ ಇನ್ನೂ ಮಾಗಬೇಕು ಎಂದು ನಾನು ಹೇಳಿ ಕೊಟ್ಟಿದ್ದನ್ನು ಇವನು ದಸರೆಗೇ ಕೊಟ್ಟುಬಿಟ್ಟಿದ್ದ. ರವಿಶಂಕರನ ಕೈ ಮೊಣಕೈಯವರೆಗೆ ಊದಿತು. ಎಲ್ಲ ಕಡೆ ಬರೆಯುತ್ತೇನೆ, ನಿಮ್ಮ ಹೆಸರು ಮಣ್ಣುಪಾಲು ಮಾಡುತ್ತೇನೆ ಎಂದು ಶೆಡ್ಡಿಗೆ ಬಂದು ಕೂಗಾಡಿದ. ಇವನು ಹೆದರಿ ಅದನ್ನು ಕೆತ್ತಿ, ಬಣ್ಣ ಹೊಡೆದು ಕೊಟ್ಟ. ನನಗೆ ಹೇಳಿದರೆ ನಾನು ಕೆಲಸವನ್ನೇ ಬಿಟ್ಟುಬಿಡುತ್ತೇನೆ ಎಂದು ಹೇಳಲಿಲ್ಲವಂತೆ. ಅಮೋಲನದೂ ನಾಜೂಕು ಮೈ, ಅದಕ್ಕೇ ಅವನದನ್ನೂ ಹಾಗೇ ಮಾಡಿದನಂತೆ.

“ಉಳಿದವು?” ಎಂದೆ.

“ಉಳಿದವು ಹಂಗ ಅದಾವ. ಐಶೂನ ಆಣಿ.”

ಮಗಳ ಆಣೆ ಹಾಕಿದ ಮೇಲೆ ನಾನು ನಂಬಿದೆ. ನಂಬದೆ ಹೋದರೆ ಆ ಮಳೆಗಾಲಗಳನ್ನೆಲ್ಲ ಎಲ್ಲಿಡಲಿ? ಎರಡು ಹೋದವು, ಉಳಿದವು ಎಲ್ಲೋ ಕ್ಷೇಮವಾಗಿವೆ ಎಂದು ಲೆಕ್ಕ ಹಾಕಿ ಮನಸ್ಸು ಗಟ್ಟಿ ಮಾಡಿಕೊಂಡೆ. ಆದರೆ ಒಂದು ಮಾತು ಖಡಾಖಂಡಿತ ಹೇಳಿದೆ. ಅಮೋಲನಿಗೆ ನಾನು ಸುಳ್ಳು ಹೇಳುವುದಿಲ್ಲ. ಪಾಪ, ಆ ಹುಡುಗ ಸಭೆಯಲ್ಲಿ ನಿಂತು ನನ್ನ ಕಥೆ ಹೇಳುತ್ತಾನೆ, ಅವನ ಕೈಯಲ್ಲಿರುವುದು ಕಾರಿನ ಬಣ್ಣ. ಅಲಮಾರಿನಲ್ಲಿ ಆ ವರ್ಷದ ಗಿಟಾರು ಮೆರುಗು ಮುಗಿಸಿಕೊಂಡು ಕೂತಿತ್ತು. ಪೂರ್ತಿ ಮಾಗಿತ್ತು, ಇನ್ನು ಅದು ಯಾರಿಗೂ ಏನೂ ಮಾಡುತ್ತಿರಲಿಲ್ಲ. ಅಮೋಲನ ಗಿಟಾರಿನ ಒಡಲನ್ನು ವಾಪಸು ತೆಗೆದುಕೊಂಡು ಅದನ್ನು ಕೊಡುತ್ತೇನೆ ಎಂದೆ.

ಶರಣಕುಮಾರ ಬೇಡವೆಂದ. ಮೊದಲು ಹೆಸರು ಕೆಡುತ್ತದೆ ಎಂದ, ಆಮೇಲೆ ತಾನೇ ಹೋಗಿ ಹೇಳುತ್ತೇನೆ ಎಂದ, ಕೊನೆಗೆ ಕೈ ಮುಗಿದ. ಅತ್ತೆಯೂ ಬಂದು ಕೂತು, ಮನೆಯ ಮಾತು ಮನೆಯಲ್ಲೇ ಇರಲಿ, ನಿನ್ನ ಮೇಲಿನ ಜೀವಕ್ಕೇ ಮಾಡಿದ್ದಾನೆ ಎಂದರು. ನನ್ನ ಮೇಲೆ ಜೀವ ಇದ್ದವನು ನಾನು ಕೆರೆದುಕೊಳ್ಳುವುದನ್ನು ನೋಡುತ್ತ ಕೂಡುತ್ತಾನೆಯೇ ಎಂದು ಕೇಳಿದೆ. ಅತ್ತೆ ಎದ್ದು ಐಶ್ವರ್ಯಾಳಿಗೆ ಜಡೆ ಹಾಕಲು ಹೋದರು.

ಅಮೋಲ್ ಬಂದಾಗ ಶರಣಕುಮಾರ ಮನೆಯಲ್ಲೇ ಇದ್ದ, ನಾನೇ ಹೊರಗೆ ಹೋಗಗೊಟ್ಟಿರಲಿಲ್ಲ. ಹುಡುಗನನ್ನು ಕೂಡಿಸಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಇದು ನನ್ನ ಕೈಯದಲ್ಲ, ನಿನಗೆ ಮೋಸವಾಗಿದೆ, ನಮ್ಮ ಮನೆಯಿಂದಲೇ ಆಗಿದೆ, ಕ್ಷಮಿಸು ಎಂದೆ. ಅಲಮಾರಿನಿಂದ ಕಪ್ಪು ಒಡಲನ್ನು ತಂದು ಬಟ್ಟೆ ಬಿಚ್ಚಿ ಅವನ ಮುಂದೆ ಹಿಡಿದೆ. ತಗೋ, ಇದು ಖರೇದು.

ಅಮೋಲ್ ಅದನ್ನು ಮುಟ್ಟಲಿಲ್ಲ. ಚಾಚಿದ್ದ ಕೈಯನ್ನು ಹಿಂದಕ್ಕೆ ಎಳೆದುಕೊಂಡು ಪ್ಯಾಂಟಿಗೆ ಒರೆಸಿಕೊಂಡ. ಶರಣಕುಮಾರನ ಮುಖ ನೋಡಿದ. ಅವನು ನೆಲ ನೋಡುತ್ತಿದ್ದ.

“ವೈನಿ, ನನಗ ಗೊತ್ತೈತ್ರಿ,” ಎಂದ. “ಅಣ್ಣಾರು ಮೊದಲ ಕೇಳಿದ್ರು, ಖರೇದು ಬೇಕೋ, ಅದರಂಗ ಕಾಣೋದು ಬೇಕೋ ಅಂತ. ಎಲ್ಲಾರಿಗೂ ಕೇಳತಾರಲ್ರಿ.”

“ಎಲ್ಲಾರೂ ಏನಂತಾರ?”

“ಮೈ ಕೆರಕೊಳ್ಳೋದು ಯಾರಿಗೆ ಬೇಕಾಗೇತ್ರಿ? ಕಾಣಾಕ ಎರಡೂ ಒಂದ. ನೀವು ಹಚ್ಚೂ ವಿಡಿಯೋ ಒಂದು ಅದರ ಜೋಡಿ ಕೊಟ್ರ ಸಾಕು ಅಂತಾರ.” ಹುಡುಗನ ದನಿಯಲ್ಲಿ ಕೆಡುಕು ಇರಲಿಲ್ಲ. ನನ್ನನ್ನು ಸಮಾಧಾನ ಮಾಡುವ ಹಾಗೆ, “ಕಥಿ ಭಾಳ ಚೊಲೊ ಐತ್ರಿ ವೈನಿ,” ಎಂದು ಸೇರಿಸಿದ.

ಮೂಲೆಗೆ ಕಾರಿನ ಬಣ್ಣ ಹಚ್ಚಿಸಿಕೊಳ್ಳಲು ಯಾವಾಗ ಬರಲಿ ಎಂದು ಅವನು ಶರಣಕುಮಾರನನ್ನು ಕೇಳಿದ್ದು ನನಗೆ ದೂರದಿಂದ ಕೇಳಿಸಿತು. ಹೋಗುವಾಗ ಚಪ್ಪಲಿ ಮೆಟ್ಟಿಕೊಳ್ಳುತ್ತ ನನಗೆ ನಮಸ್ಕಾರವನ್ನೂ ಮಾಡಿದ.

ಒಂದೂ ಉಳಿದಿರಲಿಲ್ಲ. ಅದನ್ನು ಶರಣಕುಮಾರನ ಬಾಯಿಂದ ಹೊರಡಿಸಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ರವಿಶಂಕರನಿಂದ ಹಿಡಿದು ಎಲ್ಲವೂ ಹೋಗಿದ್ದವು. ಮಗಳ ಆಣೆ ಯಾಕೆ ಹಾಕಿದಿರಿ ಎಂದರೆ, ನೀನು ಅಳುತ್ತೀ ಎಂದು ಹಾಕಿದೆ ಎಂದ. ಯಾರಿಗೂ ಬೇಡವಾದರೆ ನನ್ನಿಂದ ಯಾಕೆ ಹಚ್ಚಿಸಿದಿರಿ ಎಂದು ಕೇಳುವ ಅಗತ್ಯವೇ ಇರಲಿಲ್ಲ. ಪ್ರತಿ ಗಿಟಾರಿಗೂ ಅದರದೇ ವಿಡಿಯೋ ಬೇಕು, ಅದೇ ಗಂಟು, ಅದೇ ತಿರುವು ಕಾಣಬೇಕು. ಹಚ್ಚಿದ ಹಾಗೆ ನಟಿಸು ಎಂದರೆ ನಾನು ನಟಿಸುವವಳಲ್ಲ. ಊದಿದ ಕಣ್ಣು, ಗುಳ್ಳೆ ಎದ್ದ ಕೈ, ಕಿಟಕಿಯ ಹೊರಗೆ ನಿಂತು ಅವ್ವಾ ಎಂದು ಕರೆಯುವ ಕೂಸು, ಇವೆಲ್ಲ ಖರೇದೇ ಆಗಿರಬೇಕಿತ್ತು. ಗಿರಾಕಿಗಳೆಲ್ಲರಿಗೂ ಗೊತ್ತು, ಗೊತ್ತಿಲ್ಲದವಳು ನಾನೊಬ್ಬಳು. ನನ್ನ ಕಿವಿಗೆ ಹೂ ಇಟ್ಟು ಊರಿಗೆಲ್ಲ ತೋರಿಸಿದ್ದರು. ಮೋಸ ಮಾಡಿದವನ ಮೇಲಿನ ಸಿಟ್ಟಿಗಿಂತ ನನಗೆ ನಾಚಿಕೆಯೇ ಹೆಚ್ಚಾಯಿತು, ಆ ನಾಚಿಕೆಯೂ ನನ್ನ ಪಾಲಿಗೇ ಬಂದದ್ದಕ್ಕೆ ಮತ್ತೆ ಸಿಟ್ಟು ಬಂತು.

ಒಡಲನ್ನು ಕಂಕುಳಲ್ಲಿ ಇಟ್ಟುಕೊಂಡು, ನಡೀರಿ ಶೆಡ್ಡಿಗೆ ಎಂದೆ. ಆಟೋ ಹಿಡಿದು ಹೋದೆವು. ಅಂಬರ್‌ಪೇಟಿನ ಆ ಶೆಡ್ಡಿಗೆ ನಾನು ಕಾಲಿಟ್ಟದ್ದು ಅದೇ ಮೊದಲು. ಮರದ ಹೊಟ್ಟಿನ ವಾಸನೆ, ಅದರ ಜೊತೆಗೆ ಸ್ಪ್ರೇ ಬಣ್ಣದ ಘಾಟು. ಬಾಗಿಲ ಹಿಂದೆ ತುಂಬುತೋಳಿನ ಹಳೆಯ ಅಂಗಿ, ರಬ್ಬರ್ ಗ್ಲೌಸು, ಮಾಸ್ಕು ನೇತುಹಾಕಿದ್ದವು. ಬೆಂಚಿನ ಮೇಲೆ ಒಡಲನ್ನು ಇಟ್ಟೆ. ಟ್ಯೂಬ್‌ಲೈಟಿನ ಕೆಳಗೂ ಅದು ಬಾವಿಯ ನೀರಿನಷ್ಟು ಆಳವಾಗಿ ಕಪ್ಪಾಗಿತ್ತು. ಇಷ್ಟು ಚೆನ್ನಾಗಿ ನನಗೆ ಹಿಂದೆಂದೂ ಬಂದಿರಲಿಲ್ಲ.

“ಇದನ್ನೂ ತಗೀರಿ. ನನ್ನ ಎದುರಿಗೆ,” ಎಂದೆ.

ಅವನು ಸುಮ್ಮನಿರು ಎಂದ. ಆಗಿದ್ದು ಆಯಿತು, ಇದೊಂದನ್ನು ಮನೆಯಲ್ಲಿ ಗೋಡೆಗೆ ಹಾಕೋಣ ಎಂದ. ನಾನು ಬೆಂಚಿನ ಈಚೆ ಸ್ಟೂಲು ಎಳೆದುಕೊಂಡು ಕೂತೆ. ಇದು ಗೋಡೆಗೆ ಮಾಡಿದ್ದಲ್ಲ, ತಗೀರಿ ಎಂದೆ. ನನಗೆ ಖಾತ್ರಿ ಇತ್ತು. ಮೊದಲ ಗೆರೆ ಬಿದ್ದ ಕೂಡಲೇ ಅವನ ಕೈ ನಿಲ್ಲುತ್ತದೆ. ಮನುಷ್ಯನಲ್ಲವೇ, ಹೆಂಡತಿ ಎದುರಿಗೆ ಕೂತಿದ್ದಾಳೆ. ಕೈ ನಿಂತರೆ ಸಾಕಿತ್ತು ನನಗೆ. ಇಷ್ಟೆಲ್ಲ ಆದ ಮೇಲೂ, ಅವನ ಕೈ ಒಂದು ಸಲ ತಡೆದಿದ್ದರೆ ನಾನು ಎದ್ದು ಮನೆಗೆ ಹೋಗಿಬಿಡುತ್ತಿದ್ದೆ.

ಇದನ್ನು ಮುಗಿಸಿದರೆ ಜಗಳ ಮುಗಿಯುತ್ತದೆ ಎಂದು ಶರಣಕುಮಾರನಿಗೆ ಅನ್ನಿಸಿರಬೇಕು. ಅಂಗಿ ತೊಟ್ಟ, ಗ್ಲೌಸು ಹಾಕಿಕೊಂಡ, ಮಾಸ್ಕು ಕಟ್ಟಿಕೊಂಡ. ಎಲ್ಲಿಯೂ ಹುಡುಕಾಡದೆ, ಮೇಲಿನ ಹಲಗೆಯಿಂದ ಬೇಕಾದ ಮರಳುಕಾಗದ ತೆಗೆದು ಮಷೀನಿಗೆ ಸಿಕ್ಕಿಸಿದ. ಒಡಲನ್ನು ತಿರುಗಿಸಿ, ಸೊಂಟದ ತಿರುವಿನ ಅಂಚನ್ನು ತನ್ನ ಕಡೆಗೆ ಮಾಡಿಕೊಂಡು ಶುರು ಮಾಡಿದ.

ಕೈ ನಿಲ್ಲಲಿಲ್ಲ. ಕಪ್ಪು ಹೋಯಿತು, ಮಣ್ಣು ಹೋಯಿತು, ಮಾವನವರ ಧೋತರದ ಎಳೆಗಳು ಒಂದು ಗಳಿಗೆ ಕಂಡು ಹೋದವು. ಅವಸರವಿಲ್ಲದೆ, ಒಂದು ಕಡೆಯಿಂದ ಓರಣವಾಗಿ ತೆಗೆಯುತ್ತ ಬಂದ. ನಾನು ಕಣ್ಣು ಕೀಳದೆ ನೋಡುತ್ತಿದ್ದುದನ್ನು ಕಂಡು, ಕಲಿಯಲು ಕೂತಿದ್ದೇನೆ ಎಂದುಕೊಂಡನೋ ಏನೋ, ಮಷೀನು ನಿಲ್ಲಿಸಿ ಮಾಸ್ಕು ಕೆಳಗೆಳೆದ.

“ಅಂಚಿನಿಂದ ಶುರು ಮಾಡಬೇಕು. ನಡುವ ಹಿಡದ್ರ ಬಟ್ಟಿ ಸುತ್ತಕೊಂಡು ಭಾಳ ತ್ರಾಸ ಕೊಡತೈತಿ,” ಎಂದ.

ಹೇಳಿ, ಮಾಸ್ಕು ಏರಿಸಿಕೊಂಡು ಮತ್ತೆ ಕೆಲಸಕ್ಕೆ ಹತ್ತಿದ. ನನ್ನ ಕೆಲಸದಲ್ಲಿ ನನಗೆ ಗೊತ್ತಿಲ್ಲದ ಒಂದೇ ಒಂದು ಸಂಗತಿ ಉಳಿದಿತ್ತು, ಅದು ಎಲ್ಲಿಂದ ಹಿಡಿದರೆ ಬೇಗ ಕಿತ್ತು ಬರುತ್ತದೆ ಎಂಬುದು. ಅದನ್ನೂ ನನ್ನ ಗಂಡ ನನಗೆ ಕಲಿಸಿಕೊಟ್ಟ.